ಹತ್ತು ಗ್ರೂಪು, ಒಂದೇ ಬಾಯಿ

ಜುಲೈ ತಿಂಗಳಲ್ಲಿ ರಾತ್ರಿ ಎಂಟು ಕಳೆಯಿತೆಂದರೆ ಉತ್ತರ ಕನ್ನಡದಲ್ಲಿ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: ನಾಳೆ ರಜೆಯಾ? ಹೊರಗೆ ಮಳೆ ಹೊಡೆಯುತ್ತಿರುತ್ತದೆ, ಕರೆಂಟು ಹೋಗಿರುತ್ತದೆ, ಮೊಬೈಲಿನ ಚಾರ್ಜು ತಳ ಮುಟ್ಟಿರುತ್ತದೆ. ಅಷ್ಟರಲ್ಲಿ ಜಿಲ್ಲಾಧಿಕಾರಿಗಳ ಸಹಿ ಇರುವ ಆದೇಶದ ಫೋಟೋ ಬರುತ್ತದೆ. ಮೊದಲು ಪಾಲಕರ ಗ್ರೂಪಿಗೆ, ಆಮೇಲೆ ಊರಿನ ಗ್ರೂಪಿಗೆ, ಆಮೇಲೆ ಹೈಸ್ಕೂಲ್ ಗೆಳೆಯರ ಗ್ರೂಪಿಗೆ, ಕಡೆಗೆ ಕುಮಟಾದ ಅತ್ತಿಗೆಯಿಂದ ನೇರವಾಗಿ. ನಾಲ್ಕು ಕಡೆಯಿಂದ ಬಂತಲ್ಲ, ಖರೆಯೇ ಇರಬೇಕು ಎಂದು ಮಕ್ಕಳು ಪಾಟಿಚೀಲ ಮೂಲೆಗೆ ಒಗೆಯುತ್ತಾರೆ. ಯಾರೋ ಒಬ್ಬರು ಫೋಟೋ ದೊಡ್ಡದು ಮಾಡಿ ನೋಡಿದರೆ, ತಾರೀಖು ಹೋದ ವರ್ಷದ್ದು.

ಹಳೆಯ ರಜೆ ಆದೇಶ ಮಳೆಗಾಲದಲ್ಲಿ ಮತ್ತೆ ಸುತ್ತುವುದರಿಂದ ದೊಡ್ಡ ಹಾನಿಯೇನಿಲ್ಲ, ಹೆಚ್ಚೆಂದರೆ ಒಂದು ದಿನದ ಪಾಠ ತಪ್ಪೀತು. ಆದರೆ ಸುದ್ದಿ ತಲೆಯೊಳಗೆ ಹೇಗೆ ಬೇರು ಬಿಡುತ್ತದೆ ಎಂದು ತೋರಿಸಲು ಇದಕ್ಕಿಂತ ಸಣ್ಣ, ಸ್ಪಷ್ಟ ಉದಾಹರಣೆ ಬೇಡ. ನಾಲ್ಕು ಕಡೆಯಿಂದ ಬಂದದ್ದನ್ನು ಮನಸ್ಸು ನಾಲ್ಕು ಸಾಕ್ಷಿ ಎಂದು ಲೆಕ್ಕ ಹಿಡಿಯಿತು. ಇದ್ದದ್ದು ಒಂದೇ ಫೋಟೋ. ಕಳಿಸಿದ ನಾಲ್ವರಲ್ಲಿ ಒಬ್ಬರೂ ಜಿಲ್ಲಾಧಿಕಾರಿ ಕಚೇರಿಯನ್ನಾಗಲಿ, ಶಾಲೆಯ ಹೆಡ್‌ಮಾಸ್ತರರನ್ನಾಗಲಿ ಕೇಳಿದವರಲ್ಲ.

ಇದು ಮೊಬೈಲು ಬರುವ ಮೊದಲೇ ಪತ್ತೆಯಾದ ದೌರ್ಬಲ್ಯ. 1977ರಲ್ಲಿ ಲಿನ್ ಹ್ಯಾಶರ್, ಡೇವಿಡ್ ಗೋಲ್ಡ್‌ಸ್ಟೀನ್, ಥಾಮಸ್ ಟೊಪಿನೊ ಎಂಬ ಅಮೆರಿಕದ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರ ಬಿಟ್ಟು ಮೂರು ಸಲ ಹೇಳಿಕೆಗಳ ಪಟ್ಟಿ ಒಪ್ಪಿಸಿ, ಯಾವುದು ಎಷ್ಟು ನಿಜವೆನಿಸುತ್ತದೆ ಎಂದು ಕೇಳಿದರು. ಪಟ್ಟಿಯಲ್ಲಿ ನಿಜವೂ ಇತ್ತು, ಸುಳ್ಳೂ ಇತ್ತು. ಕೆಲವು ಹೇಳಿಕೆಗಳು ಮೂರೂ ಸಲ ಬಂದವು. ಹಾಗೆ ಮರುಕಳಿಸಿದವುಗಳ ಮೇಲೆ, ಅವು ಸುಳ್ಳೇ ಆಗಿದ್ದರೂ, ನಂಬಿಕೆ ಸಲದಿಂದ ಸಲಕ್ಕೆ ಏರಿತು. ಯಾರೂ ಹೊಸ ಪುರಾವೆ ಕೊಟ್ಟಿರಲಿಲ್ಲ. ಕಿವಿಗೆ ಪರಿಚಯವಾದದ್ದೇ ಸಾಕಾಯಿತು.

ಹಾಗಾಗಿ ಸುದ್ದಿ ಸೋಸುವುದು ಎಂದರೆ ಮೊದಲು ಮಾಡಬೇಕಾದ ಕೆಲಸ, ಇದು ಎಷ್ಟು ಕಡೆ ಬಂತು ಎಂದು ಎಣಿಸುವುದನ್ನು ಬಿಡುವುದು. ಎಣಿಸಬೇಕಾದದ್ದು ಇದನ್ನು ಮೊದಲು ಹೇಳಿದ ಬಾಯಿಗಳು ಎಷ್ಟು, ಆ ಬಾಯಿ ಘಟನೆಯಿಂದ ಎಷ್ಟು ದೂರ ನಿಂತಿತ್ತು ಎಂಬುದನ್ನು. ಹೆಚ್ಚು ಪತ್ರಿಕೆ ಓದಿ, ಹೆಚ್ಚು ಚಾನೆಲ್ ನೋಡಿ, ಎಲ್ಲ ಕಡೆಯ ಮಾತು ಕೇಳಿ ಎಂಬ ಬುದ್ಧಿವಾದ ನನಗೆ ಅಷ್ಟು ಹಿಡಿಸುವುದಿಲ್ಲ. ಒಂದೇ ಬುಡದ ಹತ್ತು ಕೊಂಬೆ ಹತ್ತಿ ಇಳಿದರೆ ದಣಿವೊಂದೇ ಲಾಭ.

ಘಟ್ಟದಿಂದ ಥಂಬ್‌ನೇಲ್‌ವರೆಗೆ

ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಒಂದು ಅಪಘಾತವಾಯಿತು ಎನ್ನಿ. ಕಂಡವರು ದಾರಿಯಲ್ಲಿ ಹೋಗುತ್ತಿದ್ದ ಬಸ್ಸಿನವರು. ಒಬ್ಬರು ವಿಡಿಯೋ ಮಾಡಿ ಕಳಿಸಿದರು. ತಾಲ್ಲೂಕಿನ ವರದಿಗಾರರು ಆ ವಿಡಿಯೋ ನೋಡಿ ಠಾಣೆಗೆ ಫೋನ್ ಹಚ್ಚಿದರು. ಆ ಹೊತ್ತಿಗೆ ಠಾಣೆಯವರಿಗೆ ಗೊತ್ತಿದ್ದದ್ದು ಅರ್ಧ. ಆ ಅರ್ಧ ಹುಬ್ಬಳ್ಳಿಯ ಡೆಸ್ಕಿಗೆ ಹೋಯಿತು. ಅಲ್ಲಿಂದ ವೆಬ್‌ಸೈಟಿಗೆ ಏರಿದ್ದನ್ನು ಬೆಂಗಳೂರಿನ ಮೂರು ವೆಬ್‌ಸೈಟುಗಳು ವಾಕ್ಯ ತಿರುಗಿಸಿ ಹಾಕಿಕೊಂಡವು. ಅದನ್ನು ನೋಡಿ ಯಾರೋ ಯೂಟ್ಯೂಬಿನಲ್ಲಿ ಕೆಂಪು ಬಾಣದ ಥಂಬ್‌ನೇಲ್ ಮಾಡಿದರು. ನಮ್ಮ ಮೊಬೈಲಿಗೆ ಬಂದಾಗ ಅದು ಆರೇಳು ಸುದ್ದಿಯಾಗಿ ಕಾಣುತ್ತದೆ. ಬುಡದಲ್ಲಿ ಇರುವುದು ಒಂದು ವಿಡಿಯೋ, ಒಂದು ಫೋನ್ ಕರೆ.

ಇದರಲ್ಲಿ ಯಾರೂ ಸುಳ್ಳು ಹೇಳಬೇಕೆಂದು ಹೊರಟವರಲ್ಲ. ಪ್ರತಿ ಕೈಯಲ್ಲೂ ಒಂದೊಂದು ಅನುಮಾನದ ಶಬ್ದ ಉದುರುತ್ತದೆ, ಅಷ್ಟೇ. ಠಾಣೆಯಲ್ಲಿ "ಇಬ್ಬರು ಇರಬಹುದು, ನೋಡ್ತಾ ಇದ್ದೇವೆ" ಎಂದದ್ದು ಡೆಸ್ಕಿನಲ್ಲಿ "ಇಬ್ಬರು ಸಾವನ್ನಪ್ಪಿರುವ ಶಂಕೆ" ಆಗುತ್ತದೆ. ಥಂಬ್‌ನೇಲಿನಲ್ಲಿ ಶಂಕೆ ಇರುವುದಿಲ್ಲ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಮಣ್ಣು ಹೆದ್ದಾರಿ ದಾಟಿ ಗಂಗಾವಳಿ ನದಿಗೆ ನುಗ್ಗಿತು. ಕೇರಳದ ಒಂದು ಲಾರಿ, ಅದರ ಚಾಲಕ ಕಾಣೆಯಾದರು. ಮೊದಲ ದಿನಗಳಲ್ಲಿ ಲಾರಿ ರಸ್ತೆಯ ಮೇಲಿನ ಮಣ್ಣಿನಡಿಯಲ್ಲೇ ಇದೆ ಎಂಬ ನಂಬಿಕೆಯಿಂದ ಅಲ್ಲಿಯೇ ಅಗೆದರು. ಸೇನೆಯವರೂ ಬಂದು ಹುಡುಕಿ ಅಲ್ಲಿ ಇಲ್ಲ ಎಂದಾದ ಮೇಲೆ ಹುಡುಕಾಟ ನದಿಗೆ ಇಳಿಯಿತು. ಲಾರಿ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಎರಡು ತಿಂಗಳು ದಾಟಿದ ಮೇಲೆ. ಈ ನಡುವೆ ಕ್ಯಾಮೆರಾಗಳು ಶಿರೂರಿನಲ್ಲೇ ಠಿಕಾಣಿ ಹೂಡಿದ್ದವು. ಸ್ಥಳದಲ್ಲಿದ್ದವರಿಗೇ ತಿಳಿಯದ್ದು ಸ್ಟುಡಿಯೋದಲ್ಲಿ ಕೂತವರಿಗೆ ತಿಳಿಯುವುದು ಸಾಧ್ಯವಿರಲಿಲ್ಲ. ಆದರೂ ಗಂಟೆಗೊಮ್ಮೆ ಏನಾದರೂ ಹೇಳಲೇಬೇಕಲ್ಲ.

ಅದರಿಂದ ನಾನು ಕಲಿತುಕೊಂಡ ಅಭ್ಯಾಸ ಇಷ್ಟು. ದುರಂತದ ಮೊದಲ ದಿನದ ಸುದ್ದಿಯನ್ನು ಓದುವಾಗ ಪ್ರತಿ ವಾಕ್ಯದ ಮುಂದೆ "ಸದ್ಯಕ್ಕೆ" ಎಂದು ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತೇನೆ. ಎಷ್ಟು ಜನ, ಯಾರ ತಪ್ಪು, ಏನು ಕಾರಣ ಎಂಬ ಮೂರು ವಿಷಯದಲ್ಲಿ ಮೊದಲ ದಿನದ ಮಾತು ಬಹಳ ಸಲ ನಿಲ್ಲುವುದಿಲ್ಲ. ರಸ್ತೆ ಬಂದ್ ಇದೆಯೋ ಇಲ್ಲವೋ ಎಂಬುದು ಮಾತ್ರ ಅದೇ ದಿನ ಬೇಕು. ಅದನ್ನು ಪೊಲೀಸರ ಪ್ರಕಟಣೆಯಲ್ಲಿ ನೋಡಬಹುದು, ಇಲ್ಲವೇ ಅಂಕೋಲಾ ಬಸ್ ಸ್ಟ್ಯಾಂಡಿಗೆ ಕೇಳಬಹುದು.

ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ಸೇತುವೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು, ಚಾಲಕರನ್ನು ಬದುಕಿಸಿ ಮೇಲೆ ತಂದರು. "ಕಾಳಿ ಸೇತುವೆ ಕುಸಿತ" ಎಂಬ ತಲೆಬರಹದಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಅಲ್ಲಿ ಅಕ್ಕಪಕ್ಕ ಎರಡು ಸೇತುವೆ ಇದ್ದವು, ಬಿದ್ದದ್ದು ಹಳೆಯದು. ಈ ಒಂದು ಸಂಗತಿ ತಲೆಬರಹದಲ್ಲಿ ಇಲ್ಲದ್ದಕ್ಕೆ ದೂರದೂರಿನ ನೆಂಟರು ಗೋವಾ ದಾರಿಯೇ ಹೋಯಿತು ಎಂದುಕೊಂಡರು. ನಿಜವಾದ ತಲೆಬರಹವೂ ದಾರಿ ತಪ್ಪಿಸಬಲ್ಲದು.

ಧಾರಣೆಯ ಮೂರು ಅಂಕಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸುದ್ದಿ ಓದುವ ವಿದ್ಯೆ ಕಲಿಸಲು ಅಡಿಕೆಗಿಂತ ಒಳ್ಳೆಯ ಪಠ್ಯವಿಲ್ಲ. ಎಪಿಎಂಸಿಯ ದಿನದ ಧಾರಣೆಯಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಪ್ರತಿ ಬಗೆಗೂ ಮೂರು ಅಂಕಿ ಇರುತ್ತವೆ: ಕನಿಷ್ಠ, ಗರಿಷ್ಠ, ಸರಾಸರಿ. ಒಂದು ದಿನ ಚಾಲಿ ಕ್ವಿಂಟಲಿಗೆ ಕನಿಷ್ಠ 34 ಸಾವಿರ, ಗರಿಷ್ಠ 43 ಸಾವಿರ, ಸರಾಸರಿ 38 ಸಾವಿರ ಎಂದು ಸುಮ್ಮನೆ ಇಟ್ಟುಕೊಳ್ಳಿ. ತಲೆಬರಹ ಯಾವುದು? "ಚಾಲಿಗೆ ಬಂಪರ್, 43 ಸಾವಿರ ದಾಟಿದ ಧಾರಣೆ." ಆ 43 ಸಾವಿರ ಟೆಂಡರಿನಲ್ಲಿ ಯಾರದೋ ಒಂದೆರಡು ಲಾಟಿಗೆ ಬಿದ್ದ ದರ. ನಮ್ಮ ವಖಾರಿಯಲ್ಲಿರುವ ಮೂಟೆ ಆ ಲಾಟಿನಂತಿದೆಯೋ ಇಲ್ಲವೋ ನಮಗೇ ಗೊತ್ತು. ಹೆಚ್ಚಿನವರ ಕೈಗೆ ಬಂದದ್ದು ಸರಾಸರಿಯ ಆಸುಪಾಸು.

ಧಾರಣೆ ಬಿದ್ದ ದಿನ ತಲೆಬರಹ ಕನಿಷ್ಠಕ್ಕೆ ಹಾರುತ್ತದೆ. ಎರಡು ದಿನದ ತಲೆಬರಹ ಜೋಡಿಸಿ ಓದಿದವನಿಗೆ ಮಾರುಕಟ್ಟೆ ಹುಚ್ಚು ಕುಣಿತ ಕುಣಿಯುತ್ತಿದೆ ಅನ್ನಿಸುತ್ತದೆ. ಸರಾಸರಿಯನ್ನಷ್ಟೇ ತಿಂಗಳುಗಟ್ಟಲೆ ಬರೆದಿಟ್ಟುಕೊಂಡ ಹಿರಿಯರು ನಮ್ಮಲ್ಲಿ ಅಪರೂಪವಲ್ಲ. ಅವರಿಗೆ ಅದೇ ಮಾರುಕಟ್ಟೆ ನಿಧಾನಕ್ಕೆ ಏರುತ್ತ ಇಳಿಯುತ್ತ ಇರುವುದು ಕಾಣುತ್ತದೆ. ಇಬ್ಬರೂ ನೋಡಿದ್ದು ಒಂದೇ ಎಪಿಎಂಸಿಯನ್ನು.

2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ, ಅಂದರೆ ಇದಕ್ಕಿಂತ ಅಗ್ಗಕ್ಕೆ ಹೊರಗಿನಿಂದ ತರಿಸಬಾರದು ಎಂಬ ದರದ, ಕಟ್ಟಿಲ್ಲದೆ ತರಿಸಿಕೊಳ್ಳಲು ಕೇಂದ್ರ ಸರ್ಕಾರ ಒಪ್ಪಿತು. ಆ ಅಂಕಿ ಗ್ರೂಪುಗಳಲ್ಲಿ ಬೆಂಕಿಯಂತೆ ಹಬ್ಬಿತು. 17 ಸಾವಿರ ಟನ್! ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಒಂದು ಅಂಕಿ ಹೆದರಿಸಿದಾಗ ಕೇಳಬೇಕಾದ ಮಾತು, ಯಾವುದರಲ್ಲಿ 17 ಸಾವಿರ? ಭಾರತದ ಒಟ್ಟು ಅಡಿಕೆ ಉತ್ಪನ್ನ ವರ್ಷಕ್ಕೆ 12 ಲಕ್ಷ ಟನ್ನಿಗಿಂತ ಹೆಚ್ಚು. ಅದರಲ್ಲಿ ಇದು ನೂರಕ್ಕೆ ಒಂದೂವರೆಯೂ ಆಗುವುದಿಲ್ಲ. ಹಸಿ ಅಡಿಕೆಯಾದ್ದರಿಂದ ಒಣಗಿಸಿದರೆ ತೂಕ ಇನ್ನೂ ಕೆಳಗೆ.

ಹಾಗೆಂದು ಬೆಳೆಗಾರರ ಆತಂಕ ಪೊಳ್ಳು ಎಂದು ನಾನು ಹೇಳಲಾರೆ. ಅವರ ಚಿಂತೆ ಆ 17 ಸಾವಿರ ಟನ್ನಿನದ್ದಷ್ಟೇ ಆಗಿರಲಿಲ್ಲ. ಭೂತಾನದ ಹೆಸರಿನಲ್ಲಿ ಬೇರೆ ದೇಶದ ಅಗ್ಗದ ಮಾಲು ಒಳಗೆ ನುಸುಳಿದರೆ ಗತಿ ಏನು ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ, ಉತ್ತರ ಹುಡುಕಬೇಕಾದ್ದು ಗಡಿಯ ಕಸ್ಟಮ್ಸ್ ಲೆಕ್ಕದಲ್ಲಿ. ದೊಡ್ಡ ಅಂಕಿಯ ಗದ್ದಲದಲ್ಲಿ ಹಿಂದೆ ಬಿದ್ದದ್ದು ಇದೇ ಪ್ರಶ್ನೆ. ಮುಂದೆ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಆ ಸುದ್ದಿ ಮೊದಲಿನದರ ಅರ್ಧದಷ್ಟೂ ಓಡಲಿಲ್ಲ ಎಂಬುದು ನನ್ನ ಅಂದಾಜು. ಹೆದರಿಸುವ ಸುದ್ದಿಗೆ ಇರುವ ಕಾಲು ಸಮಾಧಾನದ ಸುದ್ದಿಗಿಲ್ಲ.

ನಮ್ಮ ಜೇಬಿಗೆ ಕೈಹಾಕುವ ಸುದ್ದಿ

ಪರರ ಸುಳ್ಳು ಹಿಡಿಯುವುದು ಸುಲಭ. ಸೋಸುವ ಶಕ್ತಿಯ ಪರೀಕ್ಷೆಯಾಗುವುದು ನಮಗೆ ಬೇಡದ ಸುದ್ದಿ ಬಂದಾಗ. ಅಡಿಕೆ ಸೀಮೆಯಲ್ಲಿ ಅಂಥ ಸುದ್ದಿ ಒಂದೇ: ಅಡಿಕೆಯಿಂದ ಕ್ಯಾನ್ಸರ್.

ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. ಅದು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಒಂದನೇ ಗುಂಪಿಗೆ ಸೇರಿಸಿತು. ಈ ಸುದ್ದಿ ನಮ್ಮಲ್ಲಿಗೆ ಎರಡು ರೂಪದಲ್ಲಿ ತಲುಪುತ್ತದೆ. ಒಂದು, ಅಡಿಕೆ ವಿಷ, ಸಿಗರೇಟಿನಷ್ಟೇ ಕೆಟ್ಟದ್ದು. ಇನ್ನೊಂದು, ಇದೆಲ್ಲ ವಿದೇಶಿ ಕಂಪನಿಗಳ ಹುನ್ನಾರ, ನಮ್ಮಜ್ಜಿ ತೊಂಬತ್ತು ವರ್ಷ ಕವಳ ಹಾಕಿದವಳು. ಎರಡನ್ನು ಕಳಿಸಿದವರೂ ಬುಡದ ಕಾಗದ ಓದಿರುವುದಿಲ್ಲ.

ಆ ಗುಂಪುಗಳು ಹೇಳುವುದೇನು? ಒಂದು ವಸ್ತುವಿನಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಅವು ಅಳೆಯುವುದಿಲ್ಲ. ಒಂದನೇ ಗುಂಪಿನಲ್ಲಿ ತಂಬಾಕು ಇದೆ, ಮದ್ಯ ಇದೆ, ಬಿಸಿಲೂ ಇದೆ. 2015ರಲ್ಲಿ ಸಂಸ್ಕರಿಸಿದ ಮಾಂಸವೂ ಸೇರಿತು. ಇವೆಲ್ಲ ಒಂದೇ ಪ್ರಮಾಣದಲ್ಲಿ ಅಪಾಯಕಾರಿ ಎಂದು ಅರ್ಥವಲ್ಲ. ಹಾಗಾಗಿ "ಸಿಗರೇಟಿನಷ್ಟೇ ಕೆಟ್ಟದ್ದು" ಎಂಬ ವಾಕ್ಯ ಆ ಪಟ್ಟಿಯಿಂದ ಹೊರಡುವುದಿಲ್ಲ.

ಇಷ್ಟು ಓದಿ ತೋಟದವರು ಉಸಿರು ಬಿಟ್ಟರೆ, ಇನ್ನೊಂದು ಅರ್ಧವನ್ನೂ ಓದಬೇಕು. ಸಾಕ್ಷ್ಯ ಗಟ್ಟಿ ಎಂದರೆ ಗಟ್ಟಿಯೇ. ತಂಬಾಕು ಸೇರಿಸದೆ ಬರೀ ಅಡಿಕೆ ಅಗಿಯುವವರಲ್ಲೂ ಬಾಯಿ ಬಿಗಿದುಕೊಂಡು ತೆರೆಯಲಾಗದ ಕಾಯಿಲೆ ಬರುತ್ತದೆ, ಅದು ಕ್ಯಾನ್ಸರಿಗೆ ತಿರುಗುವುದುಂಟು ಎಂದು ದಂತವೈದ್ಯರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಅದೇ ಸಂಸ್ಥೆಯ ವಿಜ್ಞಾನಿಗಳು 2024ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಕಂಡ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1.2 ಲಕ್ಷದಷ್ಟಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಸೇವನೆ ಕಾರಣ. ಇಲ್ಲೂ ಒಂದು ಎಚ್ಚರ ಬೇಕು: ಇದು ತಂಬಾಕು ಮತ್ತು ಅಡಿಕೆ ಎರಡನ್ನೂ ಕೂಡಿಸಿದ ಅಂಕಿ. ಅಡಿಕೆಯೊಂದರ ಅಂಕಿ ಎಂದು ಹೇಳಿದರೂ ತಪ್ಪು, ತಂಬಾಕಿನದಷ್ಟೇ ಎಂದು ತಳ್ಳಿಹಾಕಿದರೂ ತಪ್ಪು. ತೊಂಬತ್ತರ ಅಜ್ಜಿಯ ಬಗ್ಗೆ ಒಂದು ಮಾತು. ಕವಳ ಹಾಕಿ ತೊಂಬತ್ತು ಮುಟ್ಟಿದವರು ನಮ್ಮ ಕಣ್ಣೆದುರು ಜಗಲಿಯ ಮೇಲೆ ಕೂತಿರುತ್ತಾರೆ, ಐವತ್ತಕ್ಕೇ ಹೋದವರು ಕೂತಿರುವುದಿಲ್ಲ.

ಈ ವಿಷಯದಲ್ಲಿ ಬೆಳೆಗಾರರ ಸಂಘಗಳ ಮಾತನ್ನು ಕೇಳಬಾರದೇ? ಕೇಳಬೇಕು. ಲಾಭನಷ್ಟ ಉಳ್ಳವರ ಮಾತು ಸುಳ್ಳೆಂದು ಮೊದಲೇ ತೀರ್ಮಾನಿಸುವುದೂ ಒಂದು ಸೋಮಾರಿತನ. ಅವರ ಬಳಿ ಬೇರೆಯವರಲ್ಲಿಲ್ಲದ ಮಾಹಿತಿ ಇರುತ್ತದೆ. ಆದರೆ ಯಾವ ಪಕ್ಷದವರೇ ಆಗಲಿ, ಕಳಿಸುವುದು ತಮಗೆ ಬೇಕಾದ ಅರ್ಧವನ್ನಷ್ಟೇ ಆಗಿರಬಹುದು. ಕೈಗಾ ಅಣುಸ್ಥಾವರವನ್ನೇ ನೋಡಿ. 2018ರ ಡಿಸೆಂಬರಿನಲ್ಲಿ ಅಲ್ಲಿನ ಒಂದನೇ ಘಟಕ 962 ದಿನ ನಿಲ್ಲದೆ ನಡೆದು ಆ ಕಾಲಕ್ಕೆ ಜಗತ್ತಿನ ದಾಖಲೆ ಬರೆಯಿತು. 2009ರ ನವೆಂಬರಿನಲ್ಲಿ ಅದೇ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರೀಷಿಯಂ ಇದ್ದ ನೀರು ಸೇರಿ 50ಕ್ಕೂ ಹೆಚ್ಚು ನೌಕರರ ದೇಹ ಹೊಕ್ಕಿತು. ಎರಡೂ ನಿಜ. ನಿಮಗೆ ಮೊದಲನೆಯದು ಮಾತ್ರ ಬರುತ್ತಿದ್ದರೆ ಅಥವಾ ಎರಡನೆಯದು ಮಾತ್ರ ಬರುತ್ತಿದ್ದರೆ, ತಿಳಿಯುವುದು ಕೈಗಾದ ಬಗ್ಗೆ ಅಲ್ಲ, ನಿಮಗೆ ಸುದ್ದಿ ಕಳಿಸುವವರ ಬಗ್ಗೆ. ಹಾಗಾದಾಗ ನಾನು ಎದುರು ಪಾಳಯದವರಲ್ಲಿ ಲೆಕ್ಕ ಸರಿಯಾಗಿ ಇಡುವ ಒಬ್ಬರನ್ನು ಹುಡುಕಿ ಓದುತ್ತೇನೆ. ಗಟ್ಟಿ ಕೂಗುವವರನ್ನು ಓದಿದರೆ ನನ್ನ ಪಕ್ಷವೇ ಸರಿ ಎಂಬ ಹೆಮ್ಮೆ ಬಲಿಯುವುದಷ್ಟೇ.

ಸಿಟ್ಟಿಗೆ ಕಾಲು ನಾಲ್ಕು

2017ರ ಡಿಸೆಂಬರಿನಲ್ಲಿ ಹೊನ್ನಾವರದ ಕೆರೆಯೊಂದರಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆ ಎಂಬ ವಿವರಗಳು, ಕೇಳಲಾಗದಂಥ ವಿವರಗಳು, ಮೊಬೈಲಿನಿಂದ ಮೊಬೈಲಿಗೆ ಹಾರಿದವು. ವಿಧಿವಿಜ್ಞಾನ ತಜ್ಞರು ಆ ವಿವರಗಳನ್ನು ಅಲ್ಲಗಳೆದರು. ಅದು ಯಾರ ಕಿವಿಗೂ ಬೀಳಲಿಲ್ಲ. ಕುಮಟಾದಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ವಾಹನಕ್ಕೆ ಬೆಂಕಿ ಬಿತ್ತು, ಶಿರಸಿಯಲ್ಲೂ ಗಲಭೆಯಾಯಿತು. ತನಿಖೆ ನಡೆಸಿದ ಸಿಬಿಐ 2022ರ ಅಕ್ಟೋಬರಿನಲ್ಲಿ ಇದು ಆಕಸ್ಮಿಕ ಸಾವು ಎಂದು ವರದಿ ಸಲ್ಲಿಸಿತು. ವದಂತಿಗೆ ಜಿಲ್ಲೆ ಸುತ್ತಲು ಕೆಲವು ದಿನ ಸಾಕಾಯಿತು, ವರದಿಗೆ ಸುಮಾರು ಐದು ವರ್ಷ ಬೇಕಾಯಿತು.

ಇದು ನಮ್ಮ ಜಿಲ್ಲೆಗಷ್ಟೇ ಅಂಟಿದ ರೋಗವಲ್ಲ. ಅಮೆರಿಕದ ಎಂಐಟಿಯ ಮೂವರು ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಸುಮಾರು 30 ಲಕ್ಷ ಜನ ಹಂಚಿದ, ಸತ್ಯಾಸತ್ಯ ಪರಿಶೀಲನೆಯಾಗಿದ್ದ ಸುದ್ದಿಗಳ ಜಾಡು ಹಿಡಿದು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ನೂರಕ್ಕೆ 70ರಷ್ಟು ಹೆಚ್ಚು. ಇದಕ್ಕೆ ಮನುಷ್ಯರಿಲ್ಲದೆ ತಾವಾಗಿ ಹಂಚುವ ಯಂತ್ರಖಾತೆಗಳು ಕಾರಣವಿರಬೇಕು ಎಂದು ಅವನ್ನು ತೆಗೆದುಹಾಕಿ ನೋಡಿದರೂ ಫಲ ಬದಲಾಗಲಿಲ್ಲ. ಹಂಚಿದವರು ನಮ್ಮ ನಿಮ್ಮಂಥವರೇ. ಸುಳ್ಳಿನಲ್ಲಿ ಹೊಸತನ ಹೆಚ್ಚು, ಅಚ್ಚರಿ ಮತ್ತು ಅಸಹ್ಯ ಹುಟ್ಟಿಸುವ ಗುಣ ಹೆಚ್ಚು. ನಿಜ ಬಹುತೇಕ ಸಪ್ಪೆ.

ವಾಟ್ಸಾಪಿನವರು 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡಲಾಗದಂತೆ ಮಾಡಿದರು. 2020ರಲ್ಲಿ, ಬಹಳ ಸಲ ಕೈ ಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟಿಗೆ ಕಳಿಸಬಹುದು ಎಂದರು. ಅಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತಿರುತ್ತದೆ. ಅದು ಕಂಡರೆ ಐದೋ ಹೆಚ್ಚೋ ಕೈ ದಾಟಿ ಬಂದಿದೆ ಎಂದರ್ಥ, ಕಳಿಸಿದವರಿಗೆ ಬುಡ ಗೊತ್ತಿರುವ ಸಂಭವ ಇಲ್ಲವೆಂದೇ ಹೇಳಬೇಕು. ಆದರೂ ಆ ಪುಟ್ಟ ಬಾಣವನ್ನು ಯಾರೂ ನೋಡುವುದಿಲ್ಲ.

ನನ್ನ ಲೆಕ್ಕದಲ್ಲಿ ಒಂದು ಸಂದೇಶ ಓದಿದ ತಕ್ಷಣ ರಕ್ತ ಕುದಿದರೆ ಅದೇ ನಿಲ್ಲಬೇಕಾದ ಜಾಗ. ಕುದಿಯುವುದು ತಪ್ಪೆಂದಲ್ಲ, ಆ ಹೊತ್ತಿನಲ್ಲಿ ಹೆಬ್ಬೆರಳು ಬುದ್ಧಿಗಿಂತ ಮುಂದಿರುತ್ತದೆ.

ಬುಡ ಹುಡುಕುವುದು ಹೇಗೆ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಅವರು ಇತಿಹಾಸದ ವಿದ್ವಾಂಸರು, ಪದವಿ ವಿದ್ಯಾರ್ಥಿಗಳು, ವೃತ್ತಿಯಿಂದಲೇ ಸುದ್ದಿ ಪರಿಶೀಲಿಸುವವರು ಎಂಬ ಮೂರು ಗುಂಪಿಗೆ ಗೊತ್ತಿಲ್ಲದ ವೆಬ್‌ಸೈಟುಗಳನ್ನು ಕೊಟ್ಟು ನಂಬಬಹುದೇ ನೋಡಿ ಎಂದರು. ವಿದ್ವಾಂಸರು, ವಿದ್ಯಾರ್ಥಿಗಳು ಆ ಪುಟದಲ್ಲೇ ಕೂತು ಲೋಗೋ, ಭಾಷೆ, ಅಡಿಟಿಪ್ಪಣಿ ನೋಡುತ್ತ ಮೋಸಹೋದರು. ಪರಿಶೀಲಕರು ಅರೆಕ್ಷಣದಲ್ಲಿ ಆ ಪುಟ ಬಿಟ್ಟು ಬೇರೆ ಕಿಟಕಿ ತೆರೆದು, ಈ ಸಂಸ್ಥೆಯ ಬಗ್ಗೆ ಉಳಿದವರು ಏನೆನ್ನುತ್ತಾರೆ ಎಂದು ನೋಡಿದರು. ಬೇಗ ಮತ್ತು ಸರಿಯಾಗಿ ಉತ್ತರ ಕಂಡದ್ದು ಅವರಿಗೇ. ನಮ್ಮ ಹಿರಿಯರಿಗೆ ಈ ವಿದ್ಯೆ ಗೊತ್ತಿತ್ತು. ಸಂಬಂಧ ಬಂದಾಗ ಹುಡುಗನ ಮನೆಯಲ್ಲಿ ಕೂತು ಹುಡುಗ ಹೇಗೆ ಎಂದು ಕೇಳುವವರಿಲ್ಲ, ಅವನ ಊರಿನ ಅಂಗಡಿಯಲ್ಲಿ ಕೇಳುತ್ತಾರೆ.

ಕೆಲವು ವಿಷಯಕ್ಕೆ ಬುಡ ನಮ್ಮ ಕೈಗೆ ನೇರವಾಗಿ ಎಟಕುತ್ತದೆ. ಮಳೆ ಅದರಲ್ಲೊಂದು. ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಯನ್ನು ಚಾನೆಲ್ ಮೂಲಕ ಕೇಳಿದರೆ "ರೆಡ್ ಅಲರ್ಟ್, ಜಲಪ್ರಳಯ" ಎಂದು ಕೇಳಿಸುತ್ತದೆ. ಇಲಾಖೆಯ ಪುಟದಲ್ಲೇ ಓದಿದರೆ ತೂಕ ತಿಳಿಯುತ್ತದೆ. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಬಣ್ಣ ಇಡೀ ಜಿಲ್ಲೆಗೆ ಒಂದೇ ಇರುವುದುಂಟು. ಆದರೆ ಭಟ್ಕಳದ ಮಳೆ ಬೇರೆ, ಹಳಿಯಾಳ ಮುಂಡಗೋಡದ ಮಳೆ ಬೇರೆ ಎಂದು ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಕಡಲಿಗೆ ಇಳಿಯುವವರು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಕೊಡುವ ಅಲೆಯ ಎಚ್ಚರಿಕೆಯನ್ನೂ ನೋಡುತ್ತಾರೆ. ಇವು ಗಂಟೆಗೊಮ್ಮೆ ನೋಡಿದರೂ ತಪ್ಪಿಲ್ಲದ ಸುದ್ದಿಗಳು, ಏಕೆಂದರೆ ಓದಿದ ಮೇಲೆ ಮಾಡುವ ಕೆಲಸವಿದೆ: ದೋಣಿ ಕಟ್ಟುವುದು, ಘಟ್ಟ ಇಳಿಯದಿರುವುದು.

ಇನ್ನು ಕೆಲವು ಸುದ್ದಿಗಳಿಗೆ ವರ್ಷಕ್ಕೊಮ್ಮೆ ಕಣ್ಣು ಹಾಯಿಸಿದರೂ ಸಾಕು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದಲ್ಲಿ ಮಂಜೂರಾದದ್ದು. ಅಂದಿನಿಂದ ಅದಕ್ಕೆ ಎಷ್ಟು ಸಲ "ಹಸಿರು ನಿಶಾನೆ" ಸಿಕ್ಕಿದೆಯೋ! 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಮೊದಲು ಬೇಡವೆಂದು, ಅದೇ ತಿಂಗಳು ಸರಿ ಎಂದಿತು. ಎರಡೂ ದಿನ ದೊಡ್ಡ ತಲೆಬರಹ. ವಿಷಯ ಆಮೇಲೆ ಹೈಕೋರ್ಟಿಗೆ ಹೋಯಿತು. ಅರಣ್ಯದಲ್ಲಿ ಹಾದುಹೋಗುವ ಯೋಜನೆಗೆ ಸಮೀಕ್ಷೆ, ಯೋಜನಾ ವರದಿ, ರಾಜ್ಯ ಮಂಡಳಿ, ಕೇಂದ್ರದ ವನ್ಯಜೀವಿ ಮಂಡಳಿ, ಅರಣ್ಯ ಇಲಾಖೆಯ ಎರಡು ಹಂತದ ಒಪ್ಪಿಗೆ, ನಡುವೆ ಕೋರ್ಟು ಎಂದು ಹಲವು ಬಾಗಿಲು. ಪ್ರತಿ ಬಾಗಿಲಿನಲ್ಲೂ ಒಂದು ನಿಶಾನೆ. ತಲೆಬರಹ ಕಂಡಾಗ ಇದು ಎಷ್ಟನೇ ಬಾಗಿಲು, ಇನ್ನೆಷ್ಟು ಉಳಿದಿವೆ ಎಂದು ಕೇಳಿದರೆ ಸಂಭ್ರಮವೂ ಆಕ್ರೋಶವೂ ತಾನಾಗಿ ತಗ್ಗುತ್ತದೆ. ಊರ ಜಮೀನಿನ ಬೆಲೆ ಏರಿಸುವವರಿಗೆ ಮಾತ್ರ ಈ ಪ್ರಶ್ನೆ ಇಷ್ಟವಾಗುವುದಿಲ್ಲ.

ಇವೆರಡರ ನಡುವಿನ ಸುದ್ದಿಗೆ, ಅಂದರೆ ಜಿಲ್ಲೆಯ ಆಡಳಿತ, ಆಸ್ಪತ್ರೆ, ಬೆಳೆ, ಬೆಲೆ, ಇವುಗಳಿಗೆ ಮರುದಿನ ಬೆಳಿಗ್ಗೆ ಬರುವ ಪತ್ರಿಕೆ ಸಾಕು ಎಂಬ ಹಳೇ ಕಾಲದವನು ನಾನು. ಕಾರವಾರ, ಶಿರಸಿಗಳಲ್ಲಿ ಈಗಲೂ ಸ್ಥಳೀಯ ಪತ್ರಿಕೆಗಳು ಅಚ್ಚಾಗುತ್ತವೆ. ಅವುಗಳಲ್ಲಿ ತಪ್ಪಿಲ್ಲವೆಂದಲ್ಲ. ಆದರೆ ತಪ್ಪು ಬರೆದ ವರದಿಗಾರ ಮರುದಿನ ಅದೇ ಪೇಟೆಯಲ್ಲಿ ಚಹಾ ಕುಡಿಯಬೇಕು, ಕೇಳುವವರು ಕೇಳುತ್ತಾರೆ. ಮುಖ ತೋರಿಸಬೇಕಾದ ಬಾಯಿಗೂ ಮುಖವಿಲ್ಲದ ಖಾತೆಗೂ ಈ ಅಂತರ ಇದ್ದೇ ಇದೆ.

ಕೊನೆಗೆ ಉಳಿಯುವುದು ಮನೆಯವರ ಗ್ರೂಪು, ಎಲ್ಲಕ್ಕಿಂತ ಕಷ್ಟದ್ದು. ದೊಡ್ಡಪ್ಪ ಬೆಳಿಗ್ಗೆ ಐದಕ್ಕೆ ಎದ್ದು, ಪೂಜೆ ಮುಗಿಸಿ, ನಾಲ್ಕು ಸುಳ್ಳು ಸುದ್ದಿ ಕಳಿಸಿರುತ್ತಾರೆ. "ದೊಡ್ಡಪ್ಪ, ಇದು ಸುಳ್ಳು" ಎಂದು ಎಲ್ಲರೆದುರು ಹಾಕಿದರೆ ಮುಂದಿನ ಶ್ರಾದ್ಧದವರೆಗೂ ಮಾತಿರುವುದಿಲ್ಲ, ಸುದ್ದಿಯೂ ನಿಲ್ಲುವುದಿಲ್ಲ. ಅವರೊಬ್ಬರಿಗೇ ಫೋನ್ ಮಾಡಿ "ಇದು ಎಲ್ಲಿಂದ ಬಂತು, ದೊಡ್ಡಪ್ಪ? ನಮ್ಮ ಕಡೆಯದೇನಾ?" ಎಂದು ಕೇಳಿದರೆ ಅವರೇ ಹುಡುಕಲು ಹೊರಡುತ್ತಾರೆ. ನಿಜ ಗೊತ್ತಾದ ಮೇಲೆ ತಿದ್ದುಪಡಿಯನ್ನು ಅವರ ಕೈಯಿಂದಲೇ ಹಾಕಿಸುವುದು ಒಳ್ಳೆಯದು. ಅದನ್ನು ಗ್ರೂಪಿನ ಕೆಳತುದಿಗೆ ಬಿಡಿಯಾಗಿ ಹಾಕದೆ, ಮೂಲ ಸಂದೇಶವನ್ನು ಒತ್ತಿ ಅದಕ್ಕೇ ರಿಪ್ಲೈ ಆಗಿ ಹಾಕಿಸಬೇಕು. ಹಾಗಿದ್ದರೆ ತಿದ್ದುಪಡಿ ಓದಿದವರಿಗೆ ಯಾವ ಸುದ್ದಿಗೆ ಇದು ಉತ್ತರ ಎಂದು ಅಲ್ಲೇ ಕಾಣುತ್ತದೆ. ಎರಡು ದಿನ ದಾಟಿರದಿದ್ದರೆ ಮೂಲವನ್ನು ಎಲ್ಲರಿಗೂ ಅಳಿಸುವ ಅವಕಾಶವೂ ಇದೆ, ದೊಡ್ಡಪ್ಪನಿಗೆ ಆ ಬಟನ್ ಎಲ್ಲಿದೆ ಎಂದು ತೋರಿಸಿಕೊಡಬೇಕಾಗುತ್ತದೆ ಅಷ್ಟೇ.